ಎದೆನೋವು ಬಂದಾಗ ಇಸಿಜಿ ಎಷ್ಟು ದೂರ?

2025ರ ಜುಲೈನಲ್ಲಿ ಹಾಸನದಲ್ಲಿ ಒಬ್ಬರ ಹಿಂದೊಬ್ಬರು ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಕೇಳಿ ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಭಯ ಸಹಜವೇ. ಆದರೆ ಆರಾಮಾಗಿರುವಾಗ ಮಾಡಿಸಿದ ಇಸಿಜಿ ನಾರ್ಮಲ್ ಬಂದರೆ ಅದು ಆ ಹೊತ್ತಿನ ಮಾತು, ಮುಂದಿನ ತಿಂಗಳಿಗೆ ಗ್ಯಾರಂಟಿ ಅಲ್ಲ. ನೋವು ಶುರುವಾದ ಗಳಿಗೆಯಲ್ಲಿ ಹತ್ತಿರದಲ್ಲೇ ಇಸಿಜಿ ಸಿಗಬೇಕು, ಜೀವ ಉಳಿಯೋದು ಅಲ್ಲಿ.

ಹೃದಯದ ರಕ್ತನಾಳದೊಳಗೆ ಕೂತಿದ್ದ ಕೊಬ್ಬಿನ ಗಂಟು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಆಚೆಗಿನ ಸ್ನಾಯು ಸಾಯತೊಡಗುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಮುಚ್ಚಿದ ನಾಳ ತೆರೆದು ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್ ಪ್ರತಿ ತಾಲ್ಲೂಕಿನಲ್ಲೂ ಇರಲು ಸಾಧ್ಯವಿಲ್ಲ, ಅಲ್ವಾ?

ಅದಕ್ಕೇ 2021ರಲ್ಲಿ 46ನೇ ವಯಸ್ಸಿಗೇ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ನನಗೆ ದೊಡ್ಡದಾಗಿ ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಅಲ್ಲಿಂದಲೇ ನೋಡುತ್ತಾರೆ, ನಾಳ ಪೂರ್ತಿ ಮುಚ್ಚಿದ ಲಕ್ಷಣ ಕಂಡರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ರೋಗಿಯ ತೂಕ ನೋಡಿ ಡೋಸ್, ಒಂದೇ ಸಲ ಕೆಲವೇ ಸೆಕೆಂಡಿನಲ್ಲಿ ನರಕ್ಕೆ ಕೊಡುವುದು. ಹೆಪ್ಪು ಕರಗುತ್ತದೆ, ಆಮೇಲೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ. ಈಚೆಗೆ ಸ್ಟ್ರೋಕ್ ಆದವರಿಗೆ, ರಕ್ತಸ್ರಾವ ಇರುವವರಿಗೆ ಇದು ಅಪಾಯ, ಹಾಗಾಗಿ ತಜ್ಞರ ಕಣ್ಣು ಬೇಕೇ ಬೇಕು. ಮೊದಲ 3 ಗಂಟೆಯಲ್ಲಿ ಕೊಟ್ಟರೆ ಲಾಭ ಜಾಸ್ತಿ, 12 ಗಂಟೆ ದಾಟಿದರೆ ಹೆಚ್ಚೇನೂ ಇಲ್ಲ.

ಆದರೆ ಆ ಮೂರು ಗಂಟೆ ಮನೆಯಲ್ಲೇ ಕಳೆದುಹೋಗುತ್ತದೆ. 'ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿದು ಸುಮ್ನೆ ಮಲಗು' ಅನ್ನುತ್ತೇವೆ. ಶುಗರ್ ಇರುವವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಬೆವರು, ಏದುಸಿರು, ದವಡೆ ನೋವು, ವಿಪರೀತ ಸುಸ್ತು ಮಾತ್ರ ಇರಬಹುದು. ಇದನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುವುದಕ್ಕೂ ಯೋಜನೆಯಲ್ಲಿ ದುಡ್ಡು ಇಡಬೇಕು. ಬಿಪಿ, ಶುಗರ್, ಬೀಡಿ-ಸಿಗರೇಟು ಬಿಡಿಸುವ ಕೆಲಸ ಇದ್ದೇ ಇದೆ, ಅದು ವರ್ಷಗಟ್ಟಲೆ ನಡೆಯಬೇಕಾದದ್ದು.

ಹಾಸನದ ನಂತರ ಸರ್ಕಾರ ಇನ್ನೊಂದು ಸರಿಯಾದ ನಿರ್ಧಾರ ಪ್ರಕಟಿಸಿತು: 45ರೊಳಗಿನವರು ಆಸ್ಪತ್ರೆಯ ಹೊರಗೆ ಹಠಾತ್ತನೆ ಸತ್ತರೆ ಮರಣೋತ್ತರ ಪರೀಕ್ಷೆ. ದುಃಖದಲ್ಲಿರುವ ಮನೆಯವರಿಗೆ ಇದು ಕಷ್ಟ, ನಿಜ. ಆದರೆ ಯಾಕೆ ಸತ್ತರು ಅಂತಲೇ ಗೊತ್ತಿಲ್ಲದೆ ಯಾವುದನ್ನು ತಡೆಯೋದು?

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಇದ್ದಾರಾ, ಇಂಜೆಕ್ಷನ್ ಸ್ಟಾಕ್ ಇದೆಯಾ, ಬಾಗಿಲಿಗೆ ಬಂದ 30 ನಿಮಿಷದೊಳಗೆ ಕೊಡುತ್ತಾರಾ ಅಂತ ಹೋಗಿ ಕೇಳಿ.