ಹನ್ನೆರಡು ವಾರ ಮುಗಿದ ಮೇಲೆ?

ಹೆಲ್ತ್ ಕೋಚ್ ಬಳಿ ಬರುವವರು ಮೊದಲ ದಿನವೇ ಕೇಳುವುದು ಡಯಟ್ ಚಾರ್ಟ್. ಕೋಚ್‌ಗಳಿಗೂ ಅದನ್ನು ಕೊಟ್ಟು ಮುಗಿಸುವ ಆತುರ. ಬೆಳಿಗ್ಗೆ ಇದು, ಮಧ್ಯಾಹ್ನ ಇಷ್ಟು, ರಾತ್ರಿ ಅದು ಬೇಡ. ಹನ್ನೆರಡು ವಾರ, ಹತ್ತು ಕಿಲೊ.

ನಿಜ ಹೇಳಬೇಕೆಂದರೆ, ಚಾರ್ಟ್ ಬರೆಯುವುದು ಈ ಕೆಲಸದಲ್ಲಿ ಸುಲಭದ ಭಾಗ. ಒಳ್ಳೆಯ ಊಟ ಯಾವುದು ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಹೊರಗೆ ಕಾಣುವಷ್ಟು ಜಗಳ ಇಲ್ಲ. ತರಕಾರಿ, ಹಣ್ಣು, ಕಾಳು ಜಾಸ್ತಿ ಇರಲಿ. ಪ್ಯಾಕೆಟ್ ತಿಂಡಿ ಕಡಿಮೆ ಇರಲಿ. ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಕ್ಯಾಲೊರಿಯ ಶೇ 10ರ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟನ್ನು ಯಾರು ಬೇಕಾದರೂ ಒಂದು ಹಾಳೆಯಲ್ಲಿ ಬರೆದು ಕೊಡಬಹುದು. ಕಷ್ಟ ಇರುವುದು ಕ್ಯಾಲೆಂಡರ್‌ನಲ್ಲಿ. ಯಾವ ವಾರ ಏನು ಬದಲಿಸಬೇಕು, ಯಾವುದನ್ನು ಎಷ್ಟು ದಿನಕ್ಕೊಮ್ಮೆ ಅಳೆಯಬೇಕು, ಕೋಚ್ ಯಾವಾಗ ಹತ್ತಿರ ಇರಬೇಕು. ಬಹಳಷ್ಟು ಪ್ರೋಗ್ರಾಮ್‌ಗಳು ಸೋಲುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಚಾರ್ಟ್‌ನ ಮಹಿಮೆ ಎಷ್ಟು ಎಂದು ನೋಡಲು ಒಂದು ಪ್ರಯೋಗ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಕೊಬ್ಬು ಕಡಿಮೆ ಇರುವ ಊಟ, ಇನ್ನೊಂದಕ್ಕೆ ಕಾರ್ಬೊಹೈಡ್ರೇಟ್ ಕಡಿಮೆ ಇರುವ ಊಟ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಮೊದಲ ಗುಂಪು ಸರಾಸರಿ 5.3 ಕಿಲೊ ಇಳಿದಿತ್ತು, ಎರಡನೆಯದು 6 ಕಿಲೊ. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇನಲ್ಲ. ಆದರೆ ಒಂದೇ ಗುಂಪಿನ ಒಳಗೆ ನೋಡಿದರೆ, ಸುಮಾರು 30 ಕಿಲೊ ಇಳಿದವರೂ ಇದ್ದರು, 10 ಕಿಲೊ ಏರಿದವರೂ ಇದ್ದರು. ಯಾರಿಗೆ ಯಾವ ಊಟ ಹೊಂದುತ್ತದೆ ಎಂದು ಕೆಲವು ಜೀನ್‌ಗಳನ್ನು ಮತ್ತು ದೇಹ ಇನ್ಸುಲಿನ್ ಸುರಿಸುವ ಪ್ರಮಾಣವನ್ನು ನೋಡಿ ಮೊದಲೇ ಹೇಳಬಹುದಾ ಎಂದೂ ಪರೀಕ್ಷಿಸಿದರು. ಆಗಲಿಲ್ಲ. ಜೀನ್ ಟೆಸ್ಟ್ ಮಾಡಿಸಿ ‘ನಿಮಗಾಗಿಯೇ ಮಾಡಿದ ಡಯಟ್’ ಮಾರುವವರು ಇದನ್ನು ಹೇಳುವುದಿಲ್ಲ ಬಿಡಿ.

ಹಾಗಾದರೆ ಚೆನ್ನಾಗಿ ಕಟ್ಟಿದ ಪ್ರೋಗ್ರಾಮ್ ಹೇಗಿರುತ್ತದೆ? ಅಮೆರಿಕದಲ್ಲಿ ನಡೆದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮ್ ಇದಕ್ಕೆ ಇವತ್ತಿಗೂ ಒಳ್ಳೆಯ ಮಾದರಿ. 27 ಕೇಂದ್ರಗಳಲ್ಲಿ 3,234 ಜನ. ಎಲ್ಲರಿಗೂ ರಕ್ತದ ಸಕ್ಕರೆ ಜಾಸ್ತಿ ಇತ್ತು, ಆದರೆ ಇನ್ನೂ ಮಧುಮೇಹ ಬಂದಿರಲಿಲ್ಲ. ಒಂದು ಗುಂಪಿಗೆ ಜೀವನಶೈಲಿ ಬದಲಾವಣೆ, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ, ಮತ್ತೊಂದಕ್ಕೆ ಔಷಧ ಇಲ್ಲದ ಹುಸಿ ಮಾತ್ರೆ. ಜೀವನಶೈಲಿ ಗುಂಪಿನವರ ಮುಂದೆ ಇಟ್ಟ ದೊಡ್ಡ ಗುರಿಗಳು ಎರಡೇ. ತೂಕದಲ್ಲಿ ಶೇ 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಮಾಡುವುದು. ಪ್ರತಿಯೊಬ್ಬರಿಗೂ ಒಬ್ಬ ಕೋಚ್. ಮೊದಲ 24 ವಾರಗಳಲ್ಲಿ 16 ಪಾಠ, ಆಮೇಲೆ ತಿಂಗಳಿಗೊಮ್ಮೆ ಭೇಟಿ. 2002ರಲ್ಲಿ ಫಲಿತಾಂಶ ಬಂತು. ಸರಾಸರಿ 2.8 ವರ್ಷದಲ್ಲಿ, ಹುಸಿ ಮಾತ್ರೆಯವರಿಗೆ ಹೋಲಿಸಿದರೆ, ಜೀವನಶೈಲಿ ಗುಂಪಿನವರಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಗಿತ್ತು. ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ 31.

ಇದರಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ಅಂಕಿ. 24 ವಾರದ ಪಾಠ ಮುಗಿದಾಗ ತೂಕದ ಗುರಿ ಮುಟ್ಟಿದ್ದವರು ಅರ್ಧದಷ್ಟು ಜನ ಮಾತ್ರ. ಅಧ್ಯಯನದ ಕೊನೆಯ ಭೇಟಿಯ ಹೊತ್ತಿಗೆ ಅದೂ ಶೇ 38ಕ್ಕೆ ಇಳಿದಿತ್ತು. ಅಂದರೆ ಜಗತ್ತಿನ ಅತ್ಯುತ್ತಮ ಪ್ರೋಗ್ರಾಮ್‌ಗಳಲ್ಲಿ ಒಂದರಲ್ಲೂ ಹೆಚ್ಚಿನವರು ಗುರಿ ಮುಟ್ಟಲಿಲ್ಲ. ಆದರೂ ಇಷ್ಟು ದೊಡ್ಡ ಲಾಭ ಆಯಿತು. ಕ್ಲೈಂಟ್ ಗುರಿ ತಪ್ಪಿದ ಕೂಡಲೇ ಮುಖ ಸಪ್ಪೆ ಮಾಡಿಕೊಳ್ಳುವ ಕೋಚ್‌ಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಈಗ ಕ್ಯಾಲೆಂಡರ್ ವಿಷಯಕ್ಕೆ ಬರೋಣ. ದೇಹದ ಎಲ್ಲ ಬದಲಾವಣೆಗಳೂ ಒಂದೇ ವೇಗದಲ್ಲಿ ಆಗುವುದಿಲ್ಲ. ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು 3 ಗ್ರಾಂ ನೀರು ಕೂತಿರುತ್ತದೆ. ಊಟ ಕಡಿಮೆಯಾದಾಗ ದಾಸ್ತಾನು ಖಾಲಿಯಾಗುತ್ತದೆ, ನೀರೂ ಹೊರಟುಹೋಗುತ್ತದೆ. ಎರಡನೇ ವಾರದಿಂದ ಇಳಿಕೆ ನಿಧಾನ ಆಗುವುದು ಸಹಜ. ಇದನ್ನು ಮೊದಲ ದಿನವೇ ಹೇಳದಿದ್ದರೆ ಮೂರನೇ ವಾರ ಕ್ಲೈಂಟ್ ಫೋನ್ ಎತ್ತುವುದಿಲ್ಲ. ದಿನದ ತೂಕ ಒಂದೆರಡು ಕಿಲೊ ಆಚೀಚೆ ಆಗುತ್ತಲೇ ಇರುತ್ತದೆ. ಆದ್ದರಿಂದ ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿ ಜೊತೆ ಹೋಲಿಸುವುದು ಒಳ್ಳೆಯದು.

ರಕ್ತದೊತ್ತಡ ಬೇಗ ಮಾತು ಕೇಳುತ್ತದೆ. 1997ರಲ್ಲಿ ಪ್ರಕಟವಾದ ಡ್ಯಾಶ್ ಅಧ್ಯಯನದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆ ಇರುವ ಹಾಲಿನ ಪದಾರ್ಥ ಜಾಸ್ತಿ ತಿಂದವರಿಗೆ ಎರಡು ವಾರದೊಳಗೆ ಇಳಿಕೆ ಕಾಣಿಸಿಕೊಂಡಿತ್ತು. ಎಚ್‌ಬಿಎ1ಸಿ ಪರೀಕ್ಷೆ ಹಾಗಲ್ಲ. ಅದು ಕೆಂಪು ರಕ್ತಕಣಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುತ್ತದೆ. ಆ ಕಣಗಳ ಆಯುಷ್ಯ ಸುಮಾರು 120 ದಿನ. ಊಟ ಬದಲಿಸಿ ಒಂದು ತಿಂಗಳಿಗೇ ಆ ಟೆಸ್ಟ್ ಮಾಡಿಸಿದರೆ ಹಳೆಯ ಊಟದ ನೆರಳೂ ಅದರಲ್ಲಿ ಇರುತ್ತದೆ. ಮೂರು ತಿಂಗಳು ಕಾಯಬೇಕು.

ಅಭ್ಯಾಸ ಇನ್ನೂ ನಿಧಾನ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಆಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅಲ್ವಾ? ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿದರು. ಅವರ ಲೇಖನ 2010ರಲ್ಲಿ ಅಚ್ಚಾಯಿತು. ದಿನಕ್ಕೊಂದು ಸಣ್ಣ ಕೆಲಸ: ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು ತಿನ್ನುವಂಥದ್ದು. ಅದು ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಮಧ್ಯಾಂಕದ ಲೆಕ್ಕದಲ್ಲಿ 66 ದಿನ ಬೇಕಾಯಿತು, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಇನ್ನರ್ಧ ಜನರಿಗೆ ಜಾಸ್ತಿ. ಕೆಲವರಿಗೆ 18 ದಿನ, ಕೆಲವರಿಗೆ 254. ಈ ದೊಡ್ಡ ಸಂಖ್ಯೆ 84 ದಿನದ ರೇಖೆಯನ್ನು ಮುಂದುವರಿಸಿ ಮಾಡಿದ ಅಂದಾಜು ಅನ್ನುವುದು ನೆನಪಿರಲಿ. ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ ಎಂಬುದೂ ಅಲ್ಲಿ ಸಿಕ್ಕ ಸಂಗತಿ. ಹೀಗಿರುವಾಗ ಮೊದಲ ವಾರದಲ್ಲೇ ನೀರು, ನಿದ್ದೆ, ನಡಿಗೆ, ಧ್ಯಾನ, ಊಟ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎನ್ನುವ ಪ್ಲಾನ್ ಓದಿದರೆ ನನಗೆ ಸುಸ್ತಾಗುತ್ತದೆ. ಒಂದನ್ನು ಹಿಡಿಯಿರಿ. ದಿನವೂ ಹೇಗೂ ನಡೆಯುವ ಯಾವುದಾದರೂ ಕೆಲಸಕ್ಕೆ ಅದನ್ನು ಗಂಟು ಹಾಕಿ. ‘ರಾತ್ರಿ ಊಟದ ತಟ್ಟೆ ತೊಳೆದ ಕೂಡಲೇ ಹತ್ತು ನಿಮಿಷ ನಡೆಯುತ್ತೇನೆ’ ಎಂಬಂಥ ಯಾವಾಗ-ಏನು ವಾಕ್ಯಗಳು ಕೆಲಸ ಮಾಡುತ್ತವೆ. ಮನೋವಿಜ್ಞಾನಿಗಳಾದ ಪೀಟರ್ ಗೋಲ್‌ವಿಟ್ಜರ್ ಮತ್ತು ಪ್ಯಾಸ್ಕಲ್ ಶೀರನ್ ಇಂಥ 94 ಪರೀಕ್ಷೆಗಳನ್ನು ಒಟ್ಟು ಸೇರಿಸಿ 2006ರಲ್ಲಿ ಅದನ್ನು ತೋರಿಸಿದ್ದಾರೆ.

ತೂಕದ ಲೆಕ್ಕದಲ್ಲೂ ಕಾಲವನ್ನು ಮರೆಯುವುದರಿಂದಲೇ ಎಡವಟ್ಟು. ಒಂದು ಕಿಲೊ ಕೊಬ್ಬಿಗೆ 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವರ್ಷಕ್ಕೆ ಹತ್ತಿರಹತ್ತಿರ 24 ಕಿಲೊ ಇಳಿಯಬೇಕು. ಎಷ್ಟೋ ಪ್ಲಾನ್‌ಗಳು ನಿಂತಿರುವುದು ಈ ಗುಣಾಕಾರದ ಮೇಲೆ. ಆದರೆ ತೂಕ ಇಳಿದಂತೆ ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಕೊಟ್ಟ ಲೆಕ್ಕ ಬೇರೆ. ಕಾಯಂ ಆಗಿ ದಿನಕ್ಕೆ ಸುಮಾರು 24 ಕ್ಯಾಲೊರಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೊ ಇಳಿಯುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷ, ಹೆಚ್ಚುಕಡಿಮೆ ಪೂರ್ತಿ ಆಗಲು ಮೂರು ವರ್ಷ. ಅದೇ 500 ಕ್ಯಾಲೊರಿಗೆ ಮೊದಲ ವರ್ಷ ಸಿಗುವುದು ಸುಮಾರು 10 ಕಿಲೊ. ಕ್ಲೈಂಟ್‌ಗೆ 24 ಎಂದು ಹೇಳಿ 10 ಬಂದರೆ ಆತ ತನ್ನನ್ನೇ ಬೈದುಕೊಳ್ಳುತ್ತಾನೆ. ತಪ್ಪು ಇದ್ದದ್ದು ಲೆಕ್ಕದಲ್ಲಿ.

ಹಸಿವಿನ ಕಥೆ ಇನ್ನೂ ದೊಡ್ಡದು. ಹಾಲ್ ತಂಡ 2016ರಲ್ಲಿ ಇನ್ನೊಂದು ಅಂದಾಜು ಕೊಟ್ಟಿತು. ಇಳಿದ ಪ್ರತಿ ಕಿಲೊಗೆ ದೇಹದ ಖರ್ಚು ದಿನಕ್ಕೆ 20-30 ಕ್ಯಾಲೊರಿ ಕಡಿಮೆಯಾದರೆ, ತಿನ್ನುವ ಆಸೆ ಸುಮಾರು 100 ಕ್ಯಾಲೊರಿಯಷ್ಟು ಜಾಸ್ತಿಯಾಗುತ್ತದೆ. ಐದು ಕಿಲೊ ಇಳಿದವರನ್ನು ಹಸಿವು ದಿನಕ್ಕೆ 500 ಕ್ಯಾಲೊರಿಯಷ್ಟು ಹಿಂದಕ್ಕೆ ಎಳೆಯುತ್ತಿರುತ್ತದೆ. ರಬ್ಬರ್ ಬ್ಯಾಂಡ್ ಹಾಗೆ, ದೂರ ಹೋದಷ್ಟೂ ಎಳೆತ ಜಾಸ್ತಿ. ಆಸ್ಟ್ರೇಲಿಯಾದ 2011ರ ಅಧ್ಯಯನವೊಂದರಲ್ಲಿ ಹತ್ತು ವಾರದ ಕಟ್ಟುನಿಟ್ಟಾದ ಡಯಟ್ ಮಾಡಿದವರ ಹಸಿವಿನ ಹಾರ್ಮೋನ್‌ಗಳು ಒಂದು ವರ್ಷದ ನಂತರವೂ ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಈಗ ಹನ್ನೆರಡು ವಾರದ ಪ್ಯಾಕೇಜ್ ನೋಡಿ. ಎಳೆತ ಜೋರಾಗಿರುವ ಹೊತ್ತಿಗೆ ಸರಿಯಾಗಿ ಕೋಚ್ ಕೈಬಿಡುತ್ತಾರೆ!

ತಿಂದದ್ದನ್ನು ಬರೆದಿಡುವ ಡೈರಿ ಬಗ್ಗೆ ಒಂದು ಮಾತು. ಎಷ್ಟೇ ಡಯಟ್ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನು ನ್ಯೂಯಾರ್ಕ್‌ನಲ್ಲಿ ಪರೀಕ್ಷಿಸಿ 1992ರಲ್ಲಿ ವರದಿ ಮಾಡಿದರು. ಅವರು ತಿಂದದ್ದರಲ್ಲಿ ಸರಾಸರಿ ಶೇ 47ರಷ್ಟು ಡೈರಿಗೆ ಬಂದೇ ಇರಲಿಲ್ಲ. ಮಾಡಿದ ವ್ಯಾಯಾಮವನ್ನು ಶೇ 51ರಷ್ಟು ಜಾಸ್ತಿ ಬರೆದಿದ್ದರು. ಸುಳ್ಳು ಹೇಳಿದರು ಎಂದಲ್ಲ. ಅಂದಾಜು ಮಾಡುವುದರಲ್ಲಿ ನಾವೆಲ್ಲ ಹೀಗೇ. ಆದ್ದರಿಂದ ಡೈರಿಯನ್ನು ಕ್ಯಾಲೊರಿ ಲೆಕ್ಕಪುಸ್ತಕ ಎಂದು ನಂಬಬೇಡಿ. ಅದು ಬೇರೆ ಕೆಲಸಕ್ಕೆ ಬರುತ್ತದೆ. ಜಾಸ್ತಿ ತಿನ್ನುವುದು ಯಾವ ಹೊತ್ತಿನಲ್ಲಿ, ಯಾರ ಜೊತೆ, ಎಷ್ಟು ನಿದ್ದೆಗೆಟ್ಟ ದಿನ ಎಂಬುದು ಅದರಲ್ಲಿ ಕಾಣುತ್ತದೆ.

ಇದೆಲ್ಲಕ್ಕಿಂತ ಮೊದಲು, ಪ್ಲಾನ್ ಬರೆಯುವ ಮುಂಚೆ, ಕೇಳಲೇಬೇಕಾದ ಪ್ರಶ್ನೆಗಳಿವೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಒಮ್ಮೆಲೇ ಜಾಸ್ತಿ ಮಾಡಿದರೆ ಅದರ ವಿಟಮಿನ್ ಕೆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದರೆ ಪ್ರೋಟೀನ್, ಪೊಟ್ಯಾಷಿಯಂ ಬಗ್ಗೆ ಕೋಚ್ ಸ್ವಂತ ಬುದ್ಧಿ ಓಡಿಸಬಾರದು. ಗರ್ಭಿಣಿಯರ ವಿಷಯವೂ ಅಷ್ಟೇ. ತಿನ್ನುವ ವಿಷಯದಲ್ಲೇ ಮಾನಸಿಕ ಕಾಯಿಲೆ ಇರುವವರಿಗೆ ತೂಕದ ಗುರಿ ಕೊಡುವುದು ಅಪಾಯ. ಅದನ್ನು ಗುರುತಿಸಲು ಐದೇ ಪ್ರಶ್ನೆಗಳ ಸ್ಕಾಫ್ ಪಟ್ಟಿ 1999ರಿಂದ ಇದೆ. ಕೋಚ್ ರೋಗ ಪತ್ತೆ ಮಾಡುವವರಲ್ಲ, ಔಷಧ ಬದಲಿಸುವವರಂತೂ ಅಲ್ಲವೇ ಅಲ್ಲ. ವೈದ್ಯರಿಗೆ ಯಾವಾಗ ಕಳಿಸಬೇಕು ಎಂಬುದು ಪ್ಲಾನ್‌ನಲ್ಲೇ ಬರೆದಿರಬೇಕು.

ನನ್ನ ಕೈಗೆ ಹನ್ನೆರಡು ಭೇಟಿ ಕೊಟ್ಟರೆ ಅವನ್ನು ಹನ್ನೆರಡು ವಾರದಲ್ಲಿ ಖರ್ಚು ಮಾಡುವುದಿಲ್ಲ. ಮೊದಲ ತಿಂಗಳು ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು, ಉಳಿದದ್ದನ್ನು ವರ್ಷದ ಉದ್ದಕ್ಕೂ ಹಂಚುತ್ತೇನೆ. ಇಳಿದ ತೂಕವನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಪಾಠ ಬೇಕು. ಅಮೆರಿಕದ ಸಂಶೋಧಕಿ ರೀನಾ ವಿಂಗ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಈಗಾಗಲೇ ತೂಕದಲ್ಲಿ ಶೇ 10 ಅಥವಾ ಅದಕ್ಕೂ ಜಾಸ್ತಿ ಇಳಿಸಿದ್ದ 314 ಜನ. ಅವರನ್ನು ಮೂರು ಗುಂಪು ಮಾಡಿ, ಎರಡು ಗುಂಪಿಗೆ ದಿನವೂ ತೂಕ ನೋಡಿಕೊಳ್ಳಿ ಎಂದು ಹೇಳಿ ಮೂರು ಬಣ್ಣದ ಗೆರೆ ಹಾಕಿಕೊಟ್ಟರು. ಏರಿಕೆ ಸುಮಾರು 1.4 ಕಿಲೊ ಒಳಗಿದ್ದರೆ ಹಸಿರು. ಅದನ್ನು ದಾಟಿದರೆ ಹಳದಿ, ಎಲ್ಲಿ ತಪ್ಪುತ್ತಿದೆ ಎಂದು ನೋಡಿ ಸರಿಮಾಡಿಕೊಳ್ಳಬೇಕು. 2.3 ಕಿಲೊ ಮುಟ್ಟಿದರೆ ಕೆಂಪು, ತೂಕ ಇಳಿಸುವ ಕೆಲಸವನ್ನು ಮತ್ತೆ ಶುರು ಮಾಡಬೇಕು. ಹದಿನೆಂಟು ತಿಂಗಳಲ್ಲಿ, ಬರೀ ಮಾಹಿತಿ ಪತ್ರಿಕೆ ಕಳಿಸಿದ ಮೂರನೇ ಗುಂಪಿನಲ್ಲಿ ಶೇ 72 ಜನರ ಏರಿಕೆ ಈ ಕೆಂಪು ಗೆರೆ ಮುಟ್ಟಿತ್ತು. ಎದುರೆದುರು ಭೇಟಿ ಇದ್ದ ಗುಂಪಿನಲ್ಲಿ ಶೇ 46. ಇಂಟರ್ನೆಟ್ ಮೂಲಕ ಅದನ್ನೇ ಕಲಿತವರು ನಡುವೆ, ಶೇ 55. ಚಾರ್ಟ್ ಮಾಡುವ ಕೋಚ್ ಅದರ ಕೊನೆಯ ಪುಟದಲ್ಲಿ ಇಂಥ ಗೆರೆಗಳನ್ನೂ, ಕೆಂಪು ಬಂದ ದಿನ ಕರೆ ಮಾಡಬೇಕಾದ ಫೋನ್ ನಂಬರನ್ನೂ ಬರೆದು ಕೊಡಬಹುದು.