ಕಿಟ್ ತೆರೆಯುವ ಮೊದಲು ಅಳತೆಯ ಟೇಪು

ಬೆಂಗಳೂರಿನ ಶಾಲೆಗಳಲ್ಲಿ ಎಂಜಿನಿಯರಿಂಗ್ ಎಂಬ ಹೆಸರಿನಲ್ಲಿ ಈಗ ನಡೆಯುತ್ತಿರುವುದು ಬಹುಮಟ್ಟಿಗೆ ರೋಬೋಟಿಕ್ಸ್ ಕಿಟ್‌ಗಳ ಜೋಡಣೆ. ಪೆಟ್ಟಿಗೆಯಲ್ಲಿ ಮೋಟಾರು, ಸೆನ್ಸರ್, ಚಕ್ರಗಳಿರುತ್ತವೆ. ಯಾವ ತಂತಿಯನ್ನು ಎಲ್ಲಿಗೆ ಸೇರಿಸಬೇಕೆಂದು ಚಿತ್ರಸಹಿತ ತಿಳಿಸುವ ಪುಸ್ತಕವೂ ಇರುತ್ತದೆ. ಅವಧಿ ಮುಗಿಯುವುದರೊಳಗೆ ಗಾಡಿ ಕಪ್ಪು ಗೆರೆಯ ಮೇಲೆ ಓಡುತ್ತದೆ, ಮುಂದಿನ ಪೋಷಕರ ಸಭೆಯಲ್ಲಿ ಅದನ್ನೇ ಮತ್ತೆ ಓಡಿಸಿ ತೋರಿಸಲಾಗುತ್ತದೆ. ಕಟ್ಟಡಗಳ ವಿನ್ಯಾಸವನ್ನು ವೃತ್ತಿಯಾಗಿ ಮಾಡುತ್ತ, ಬಿಡುವಿನಲ್ಲಿ ಶಾಲೆಗಳಲ್ಲಿ ಪಾಠ ಮಾಡುವ ನನಗೆ ಇದರ ಬಗ್ಗೆ ಇರುವ ತಕರಾರು ಒಂದೇ: ಎಂಜಿನಿಯರ್ ಮಾಡಬೇಕಾದ ತೀರ್ಮಾನಗಳನ್ನೆಲ್ಲ ಕಿಟ್ ತಯಾರಿಸಿದವರೇ ಮಾಡಿ ಮುಗಿಸಿರುತ್ತಾರೆ. ಚಕ್ರ ಎಷ್ಟು ದೊಡ್ಡದಿರಬೇಕು, ಎಷ್ಟು ಖರ್ಚಿನೊಳಗೆ ಮುಗಿಸಬೇಕು, ಎಷ್ಟು ಭಾರ ಹೊರಿಸಿದರೆ ಮುರಿಯುತ್ತದೆ, ಮುರಿದರೆ ಯಾರಿಗೆ ಪೆಟ್ಟು ಎಂಬ ಪ್ರಶ್ನೆಗಳು ಮಗುವಿನ ಮುಂದೆ ಬರುವುದೇ ಇಲ್ಲ.

ಶಾಲಾ ಹಂತದಲ್ಲಿ ಎಂಜಿನಿಯರಿಂಗ್ ಕಲಿಸುವ ವಿಚಾರವೇನೂ ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2001ರಲ್ಲಿಯೇ ಅದನ್ನು ತನ್ನ ಶಾಲಾ ಪಠ್ಯಕ್ರಮದ ಚೌಕಟ್ಟಿಗೆ ಸೇರಿಸಿತು. 2013ರಲ್ಲಿ ಆ ದೇಶದಲ್ಲಿ ಪ್ರಕಟವಾದ ಹೊಸ ವಿಜ್ಞಾನ ಬೋಧನಾ ಮಾನದಂಡಗಳು, ಸಮಸ್ಯೆಯ ಮಿತಿಗಳನ್ನು ಗುರುತಿಸುವುದು, ಹಲವು ಪರಿಹಾರಗಳನ್ನು ಹೋಲಿಸಿ ನೋಡುವುದು, ಪರೀಕ್ಷಿಸಿ ತಿದ್ದುವುದು ಇವುಗಳನ್ನು ಕಿರಿಯ ತರಗತಿಗಳಿಂದಲೇ ನಿರೀಕ್ಷಿಸುತ್ತವೆ. ನಮ್ಮಲ್ಲಿ 2016ರಲ್ಲಿ ನೀತಿ ಆಯೋಗದ ಅಡಿಯಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆರರಿಂದ ಹನ್ನೆರಡನೇ ತರಗತಿಯವರಿಗೆ ಮೀಸಲು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದರಿಂದ ಶಾಲೆಗಳಿಗೆ ಕೋಣೆಯೂ ಥ್ರೀಡಿ ಪ್ರಿಂಟರೂ ಬಂದಿವೆ. ಆದರೆ ಮಕ್ಕಳ ಮುಂದೆ ಎಂಥ ಸಮಸ್ಯೆ ಇಡಬೇಕು ಎಂಬುದನ್ನು ಪ್ರಿಂಟರು ಹೇಳುವುದಿಲ್ಲ, ಐದನೇ ತರಗತಿಯೊಳಗಿನವರಿಗಂತೂ ಆ ಕೋಣೆಯ ಬಾಗಿಲೇ ತೆರೆಯುವುದಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ನಾನು ಹೆಚ್ಚಾಗಿ ಬಳಸುವ ಸಾಮಗ್ರಿ ಒಂದು ಎ4 ಹಾಳೆ. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಹಾಳೆಯೊಂದರ ತೂಕ ಸುಮಾರು 4.4 ಗ್ರಾಂ. ನಾಲ್ಕನೇ ತರಗತಿಯ ಮಕ್ಕಳಿಗೆ ಕೊಡುವ ಕೆಲಸ ಇಷ್ಟೇ: ಈ ಒಂದು ಹಾಳೆಯಲ್ಲಿ, ಒಂದು ಗೇಣು ಟೇಪಿನಲ್ಲಿ, ಪಠ್ಯಪುಸ್ತಕಗಳನ್ನು ಹೊತ್ತು ನಿಲ್ಲುವ ಕಂಬ ಮಾಡಬೇಕು, ಅದು 15 ಸೆಂ.ಮೀ.ಗಿಂತ ಗಿಡ್ಡವಾಗಬಾರದು. ಪುಸ್ತಕ ಇಡುವ ಮೊದಲು, ಎಷ್ಟನೆಯ ಪುಸ್ತಕಕ್ಕೆ ಕುಸಿಯಬಹುದೆಂಬ ಅಂದಾಜನ್ನು ಪ್ರತಿ ಗುಂಪೂ ಬರೆದಿಡಬೇಕು. ಆಮೇಲೆ ಒಂದೊಂದಾಗಿ ಪುಸ್ತಕ ಪೇರಿಸುತ್ತ ಹೋಗುವುದು, ಕುಸಿಯುವ ತನಕ.

ಪಾಠ ಶುರುವಾಗುವುದು ಕಂಬ ಕುಸಿದ ಮೇಲೆಯೇ. ಕೆಲವು ಕೊಳವೆಗಳು ತುದಿಯಲ್ಲಿ ಮುದುಡಿರುತ್ತವೆ, ಕೆಲವು ನಡುವಿನಲ್ಲಿ ಬಾಗಿರುತ್ತವೆ, ಕೆಲವು ಅಂಟಿಸಿದ ಜಾಗದಲ್ಲಿ ಬಿಚ್ಚಿಕೊಂಡಿರುತ್ತವೆ, ಇನ್ನು ಕೆಲವಕ್ಕೆ ಏನೂ ಆಗಿರುವುದಿಲ್ಲ, ಪುಸ್ತಕವನ್ನು ಒಂದು ಪಕ್ಕಕ್ಕೆ ಇಟ್ಟಿದ್ದರಿಂದ ಉರುಳಿರುತ್ತವೆ. ದೊಡ್ಡವರು ಇವೆಲ್ಲವನ್ನೂ ‘ಬಿದ್ದುಹೋಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎಂಜಿನಿಯರನ ಕಣ್ಣಿಗೆ ಇವು ನಾಲ್ಕು ಬೇರೆ ಬೇರೆ ವೈಫಲ್ಯಗಳು, ನಾಲ್ಕಕ್ಕೂ ಮದ್ದು ಬೇರೆ. ತುದಿ ಮುದುಡಿದ್ದರೆ ತುದಿಯನ್ನು ಮಡಚಿ ದಪ್ಪ ಮಾಡಬೇಕು; ನಡುವೆ ಬಾಗಿದ್ದರೆ ಕೊಳವೆಯ ವ್ಯಾಸ ಹೆಚ್ಚಿಸಬೇಕು; ಬಿಚ್ಚಿಕೊಂಡಿದ್ದರೆ ಟೇಪಿನ ಜಾಗ ಬದಲಿಸಬೇಕು; ಉರುಳಿದ್ದರೆ ಕಂಬವನ್ನು ಮುಟ್ಟಲೇಬೇಕಾಗಿಲ್ಲ. ಕುಸಿದ ಕಂಬದ ಚಿತ್ರ ಬರೆದು, ಎಲ್ಲಿ ಮೊದಲು ಸೋತಿತೆಂದು ಗುರುತು ಹಾಕಿ, ಎರಡನೇ ಹಾಳೆ ಕೇಳಿ ಪಡೆಯಬೇಕೆಂಬುದು ನನ್ನ ತರಗತಿಯ ನಿಯಮ. ಚಿತ್ರವಿಲ್ಲದೆ ಹಾಳೆಯಿಲ್ಲ. ಉದ್ದ ಹೆಚ್ಚಿದಂತೆ ತೆಳು ಕಂಬ ಬೇಗ ಬಾಗುತ್ತದೆ, ಉದ್ದ ಎರಡು ಪಟ್ಟಾದರೆ ಹೊರುವ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ, ಗಣಿತಜ್ಞ ಆಯ್ಲರನ ಸೂತ್ರವನ್ನು ಆ ವಯಸ್ಸಿಗೆ ಹೇಳುವ ಅಗತ್ಯವಿಲ್ಲ. ಕಾಲೇಜಿನಲ್ಲಿ ಅದು ಎದುರಾದಾಗ ಕೈಗೆ ಅದರ ಅನುಭವ ಆಗಿರುತ್ತದೆ.

ಪ್ರೌಢಶಾಲೆಗೆ ಬಂದರೆ ಸಾಮಗ್ರಿ ಬೀದಿಯಲ್ಲಿಯೇ ಬಿದ್ದಿರುತ್ತದೆ. ಬೆಂಗಳೂರಿನಲ್ಲಿ ಶಾಲೆಯ ಗೇಟಿನ ಮುಂದೆ ಹಂಪ್ ಇಲ್ಲದ ರಸ್ತೆ ಕಡಿಮೆ, ಎರಡು ಹಂಪ್‌ಗಳು ಒಂದೇ ಆಕಾರದಲ್ಲಿರುವುದು ಇನ್ನೂ ಕಡಿಮೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ, 2018ರಲ್ಲಿ ಪರಿಷ್ಕರಣೆಗೊಳ್ಳುವ ಮೊದಲಿನ ಐಆರ್‌ಸಿ 99 ಎಂಬ ಮಾರ್ಗಸೂಚಿಯ ಪ್ರಕಾರ, ವಾಹನಗಳು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಕಡೆ ಹಂಪ್‌ನ ಅಗಲ (ವಾಹನ ಸಾಗುವ ದಿಕ್ಕಿನಲ್ಲಿ) 3.7 ಮೀಟರ್, ಎತ್ತರ 10 ಸೆಂ.ಮೀ., ಬಾಗಿನ ತ್ರಿಜ್ಯ 17 ಮೀಟರ್ ಇರಬೇಕಿತ್ತು. ಈ ಮೂರು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ ಎಂದರೆ ಸಾಕು. ಹಂಪ್‌ನ ಬಾಗು ಒಂದು ದೊಡ್ಡ ವೃತ್ತದ ತುಣುಕು, ಅದರ ಅಗಲವೇ ಆ ವೃತ್ತದ ಜ್ಯಾ. ಅದರ ಅರ್ಧ 1.85 ಮೀಟರ್. ಪೈಥಾಗೊರಸ್ ಪ್ರಮೇಯ ಹಾಕಿದರೆ ಕೇಂದ್ರದಿಂದ ಜ್ಯಾದವರೆಗಿನ ದೂರ ಸುಮಾರು 16.9 ಮೀಟರ್ ಬರುತ್ತದೆ, ಹದಿನೇಳರಿಂದ ಕಳೆದರೆ ಉಳಿಯುವುದು 10 ಸೆಂ.ಮೀ. ಪುಸ್ತಕದ ಪ್ರಮೇಯವೊಂದು ಗೇಟಿನಾಚೆಯ ರಸ್ತೆಗೆ ಒಪ್ಪುವುದನ್ನು ಒಂಬತ್ತನೇ ತರಗತಿಯ ಮಕ್ಕಳು ಅಷ್ಟು ಸುಲಭವಾಗಿ ನಂಬುವುದಿಲ್ಲ. ಮತ್ತೊಮ್ಮೆ ಲೆಕ್ಕ ಮಾಡುತ್ತಾರೆ.

ಅನಂತರ ಅಳತೆ. ರಜಾದಿನದ ಬೆಳಿಗ್ಗೆ, ವಾಹನ ಓಡಾಡದ ಒಳರಸ್ತೆಯಲ್ಲಿ, ಶಿಕ್ಷಕರು ಎರಡೂ ಬದಿಗೆ ನಿಂತು ಕಾಯುವಾಗ ಮಾತ್ರ ಈ ಕೆಲಸ ಮಾಡಬೇಕು. ಹಂಪ್‌ನ ಅಗಲವನ್ನು ಟೇಪಿನಿಂದ ಅಳೆಯಬಹುದು, ಎತ್ತರ ಅಳೆಯುವುದು ಕಷ್ಟ, ಏಕೆಂದರೆ ನಮ್ಮ ರಸ್ತೆಗಳು ಸಮತಟ್ಟಾಗಿರುವುದಿಲ್ಲ. ಮಟ್ಟ ನೋಡಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಇಲ್ಲಿ ಬೇಕಾಗುತ್ತದೆ. ನಗರದ ಸರ್ಕಾರಿ ಶಾಲೆಗಳಲ್ಲಿ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರ ಮಕ್ಕಳಿರುತ್ತಾರೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆಂಬುದು ಅವರಿಗೆ ನನಗಿಂತ ಮೊದಲು ಹೊಳೆದದ್ದನ್ನು ಕಂಡಿದ್ದೇನೆ. ಇಂಥ ತಿಳಿವಳಿಕೆಗೆ ತರಗತಿಯಲ್ಲಿ ಅಂಕ ಸಿಗುವ ಸಂದರ್ಭ ವರ್ಷದಲ್ಲಿ ಬೇರೆ ಯಾವಾಗ ಬರುತ್ತದೆಂದು ನನಗೆ ತೋಚುವುದಿಲ್ಲ.

ಅಳೆದ ಹಂಪ್ 1.2 ಮೀಟರ್ ಅಗಲ, 12 ಸೆಂ.ಮೀ. ಎತ್ತರ ಇತ್ತೆಂದುಕೊಳ್ಳೋಣ. ಅದೇ ಲೆಕ್ಕವನ್ನು ತಿರುಗಿಸಿ ಮಾಡಿದರೆ ತ್ರಿಜ್ಯ 1.56 ಮೀಟರ್ ಬರುತ್ತದೆ, ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಸ್ಕೂಟರಿನಲ್ಲಿ ಹಿಂದೆ ಕುಳಿತವರ ಬೆನ್ನಿಗೆ ಪೆಟ್ಟು ಏಕೆ ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಇಷ್ಟಕ್ಕೆ ನಿಲ್ಲಿಸಿದರೆ ಅದು ಗಣಿತದ ಒಳ್ಳೆಯ ಅಭ್ಯಾಸವಾಯಿತು, ಎಂಜಿನಿಯರಿಂಗ್ ಆಗಲಿಲ್ಲ. ಮುಂದಿನ ಪ್ರಶ್ನೆ: ನೀವಾದರೆ ಇಲ್ಲಿ ಏನು ಕಟ್ಟುತ್ತೀರಿ? ಬಿಎಂಟಿಸಿ ಬಸ್ಸು ದಾಟಬೇಕು, ಆಂಬುಲೆನ್ಸ್ ದಾಟಬೇಕು, ರಸ್ತೆ ದಾಟುವ ಒಂದನೇ ತರಗತಿಯ ಮಗುವಿಗಾಗಿ ಇವರೆಲ್ಲರೂ ನಿಧಾನಿಸಬೇಕು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಂಪ್ ಹಾಕಿದರೆ ಮಳೆನೀರು ಅದರ ಹಿಂದೆ ನಿಲ್ಲುತ್ತದೆ. ಅಂಚಿನಲ್ಲಿ ಜಾಗ ಬಿಟ್ಟರೆ ಬೈಕುಗಳು ಅಲ್ಲಿಂದಲೇ ನುಸುಳುತ್ತವೆ. ನೆತ್ತಿಯನ್ನು ಚಪ್ಪಟೆ ಮಾಡಿ ಪಾದಚಾರಿ ಪಟ್ಟೆ ಬಳಿದರೆ ದಾಟುವವರಿಗೆ ಅನುಕೂಲ, ಆದರೆ ಹೆಚ್ಚು ಸಾಮಗ್ರಿ, ಹೆಚ್ಚು ಹಣ. ಎಲ್ಲರನ್ನೂ ತೃಪ್ತಿಪಡಿಸುವ ಉತ್ತರ ಇಲ್ಲಿಲ್ಲ. ಯಾರ ಅನುಕೂಲವನ್ನು ಎಷ್ಟು ಬಿಟ್ಟುಕೊಟ್ಟೆವು, ಏಕೆ ಬಿಟ್ಟೆವು ಎಂದು ಪ್ರತಿ ಗುಂಪೂ ಅರ್ಧ ಪುಟ ಬರೆಯಬೇಕು. ವಾದ ಜೋರಾಗುವುದೂ ಇಲ್ಲಿಯೇ, ನನಗೆ ಅದು ಇಷ್ಟ.

ಆರು, ಏಳನೇ ತರಗತಿಗಳಿಗೆ ಮಳೆನೀರಿನ ಲೆಕ್ಕ ಹಿಡಿಸುತ್ತದೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುವ ಈ ಊರಿನಲ್ಲಿ 100 ಚದರ ಮೀಟರಿನ ತಾರಸಿಗೆ ಹತ್ತಿರ ಹತ್ತಿರ 97 ಸಾವಿರ ಲೀಟರ್ ಬೀಳುತ್ತದೆ. ಮಕ್ಕಳು ಇದನ್ನು ಕೂಡಲೇ ಹನ್ನೆರಡರಿಂದ ಭಾಗಿಸಿ ತಿಂಗಳಿಗಿಷ್ಟು ಎಂದುಬಿಡುತ್ತಾರೆ. ಜನವರಿಯಲ್ಲಿ ಎಷ್ಟು ಮಳೆ ಬರುತ್ತದೆಂದು ಕೇಳಿದಾಗ, ಸಂಪಿನ ಗಾತ್ರ ಎಷ್ಟಿರಬೇಕೆಂಬ ನಿಜವಾದ ಸಮಸ್ಯೆ ಕಾಣಿಸಿಕೊಳ್ಳುತ್ತದೆ. ಹಿರಿಯ ತರಗತಿಯಾದರೆ ಕಾವೇರಿ ನೀರನ್ನೂ ಪಕ್ಕಕ್ಕಿಟ್ಟು ಹೋಲಿಸಬಹುದು: ಸುಮಾರು 100 ಕಿ.ಮೀ. ದೂರದಿಂದ, 500 ಮೀಟರ್‌ನಷ್ಟು ಎತ್ತರಕ್ಕೆ ಪಂಪ್ ಮಾಡುವ ಆ ನೀರು ಸಾವಿರ ಲೀಟರಿಗೆ ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಡುತ್ತದೆ. ಪೈಪಿನ ಘರ್ಷಣೆ, ಪಂಪಿನ ದಕ್ಷತೆ ಸೇರಿದರೆ ಇನ್ನೂ ಹೆಚ್ಚು.

ಶಿಕ್ಷಕರು ಹೇಳುವ ಅಡಚಣೆಗಳಲ್ಲಿ ‘ನಮಗೆ ಎಂಜಿನಿಯರಿಂಗ್ ಬರುವುದಿಲ್ಲ’ ಎಂಬುದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಮೇಲಿನ ಯಾವ ಚಟುವಟಿಕೆಗೂ ಗಣಿತ ಮತ್ತು ಚಿತ್ರಕಲೆಯ ಶಿಕ್ಷಕರ ತಿಳಿವಳಿಕೆಗಿಂತ ಹೆಚ್ಚಿನದು ಬೇಕಾಗಿಲ್ಲ. ಗಟ್ಟಿಯಾದ ಅಡಚಣೆ ಇರುವುದು ಅಂಕದಲ್ಲಿ. ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಸಿಗುವುದು ಮೊದಲ ಸಲವೇ ಅಂದವಾಗಿ ನಿಂತ ಮಾದರಿಗೆ, ಅದನ್ನು ಅಪ್ಪ ಅಮ್ಮ ಥರ್ಮಾಕೋಲಿನಲ್ಲಿ ರಾತ್ರಿಯೆಲ್ಲ ಕೂತು ಮಾಡಿದ್ದರೂ ಸರಿ. ಮೂರು ಸಲ ಕುಸಿದು ನಾಲ್ಕನೆಯ ಸಲ ನಿಂತ ಕಂಬದ ಟಿಪ್ಪಣಿ ಪುಸ್ತಕವನ್ನು ತೀರ್ಪುಗಾರರು ತೆರೆದು ನೋಡುವುದಿಲ್ಲ. ಹತ್ತು ಅಂಕದ ಪ್ರಾಜೆಕ್ಟ್ ಇದ್ದರೆ, ನನ್ನ ಸಲಹೆಯಂತೆ, ಮೊದಲ ಮಾದರಿಗೆ ಎರಡು, ಅದು ಏಕೆ ಸೋತಿತೆಂಬ ವಿವರಣೆಗೆ ನಾಲ್ಕು, ಆ ವಿವರಣೆಗೆ ಹೊಂದುವಂತೆ ಮಾಡಿದ ಬದಲಾವಣೆಗೆ ನಾಲ್ಕು ಕೊಡಬೇಕು. ಎರಡನೆಯ ಮಾದರಿ ಮೊದಲನೆಯದಕ್ಕಿಂತ ಕಡಿಮೆ ಭಾರ ಹೊತ್ತರೂ, ಕಾರಣವನ್ನು ಸರಿಯಾಗಿ ಹಿಡಿದಿದ್ದರೆ ಅಂಕ ಕಳೆಯಬಾರದು.

ಇನ್ನುಳಿದದ್ದು ವೇಳಾಪಟ್ಟಿ. ನಲವತ್ತು ನಿಮಿಷದಲ್ಲಿ ಕಟ್ಟಿ, ಮುರಿದು, ಮತ್ತೆ ಕಟ್ಟಲಾಗುವುದಿಲ್ಲ. ಎರಡು ಅವಧಿಗಳನ್ನು ಒಟ್ಟಿಗೆ ಕೊಡದಿದ್ದರೆ ಪ್ರತಿ ಸಲವೂ ಪಾಠ ಕುಸಿತದ ಹಂತದಲ್ಲಿಯೇ ನಿಂತುಬಿಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಸೂಚಿಸಿರುವ ಹತ್ತು ಬ್ಯಾಗ್‌ರಹಿತ ದಿನಗಳಲ್ಲಿ ಎರಡನ್ನಾದರೂ ಒಂದೇ ಸಮಸ್ಯೆಗೆ, ನಡುವೆ ಒಂದು ವಾರದ ಅಂತರವಿಟ್ಟು ಬಳಸಿದರೆ ಮೊದಲ ದಿನ ಅಳತೆ ಮತ್ತು ಮೊದಲ ಮಾದರಿ, ಎರಡನೆಯ ದಿನ ತಿದ್ದಿದ ಮಾದರಿ ಎಂದು ಹಂಚಿಕೊಳ್ಳಬಹುದು. ಕಿಟ್‌ಗಳನ್ನು ಆ ಮೇಲೆ ತೆರೆಯಬಹುದು, ಅವುಗಳ ಚಿತ್ರಪುಸ್ತಕವನ್ನು ಮಾತ್ರ ಮೊದಲೇ ಎತ್ತಿಟ್ಟು.