ಕೋಣೆಗೆ ಬಂದ ಹಣ ಗಜನಿ ಗದ್ದೆಗೆ ತಲುಪಬೇಕಾದರೆ: ಉತ್ತರ ಕನ್ನಡದ ಪ್ರವಾಸೋದ್ಯಮ ನಡೆದುಬಂದ ದಾರಿ

ಉತ್ತರ ಕನ್ನಡದ ಪ್ರವಾಸೋದ್ಯಮದ ಚರ್ಚೆಗೆ ಈಚೆಗೆ ಹೊಸದೊಂದು ಬೇಡಿಕೆ ಸೇರಿಕೊಂಡಿದೆ. ಬಂದವರು ಊರಿಗೆ ಹಾನಿ ಮಾಡದೆ ಹೋದರೆ ಸಾಲದು, ಅವರು ಬಂದುಹೋದ ಮೇಲೆ ಊರಿನ ನೆಲ, ನೀರು, ಅಡುಗೆ, ಕಸುಬು ಮೊದಲಿಗಿಂತ ಒಂದಿಷ್ಟು ಗಟ್ಟಿಯಾಗಿರಬೇಕು ಎಂಬುದು ಅದರ ತಿರುಳು. ಪುನಶ್ಚೇತನ ಪ್ರವಾಸೋದ್ಯಮ ಎಂಬ ಹೆಸರು ಹೊತ್ತ ಈ ವಿಚಾರವನ್ನು ಬೇಡವೆನ್ನುವವರು ಸಿಗುವುದು ಕಷ್ಟ. ಆದರೆ ಮಾತು ಮುಂದುವರಿದಂತೆ ಕಡಲಂಚಿನ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ, ಅರಣ್ಯದ ಗಡಿ, ಹೋಮ್‌ಸ್ಟೇ ಪರವಾನಗಿ, ಕೃಷಿಭೂಮಿಯ ಮಾರಾಟ, ಮೀನುಗಾರರ ದಡದ ಹಕ್ಕು ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡು, ಯಾರು ಯಾವುದರ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದೇ ತಿಳಿಯದಂತಾಗುತ್ತದೆ. ಈ ಸಿಕ್ಕು ಒಂದೇ ದಿನದಲ್ಲಿ ಬಿದ್ದದ್ದಲ್ಲ.

ಹೊರಗಿನವರು ಬರುವುದು ಈ ಜಿಲ್ಲೆಗೆ ಹೊಸದೇನೂ ಅಲ್ಲ. ಗೋಕರ್ಣಕ್ಕೆ ಬಂದ ಯಾತ್ರಿಕರು ಭಟ್ಟರ ಮನೆಗಳಲ್ಲಿಯೇ ಇಳಿದುಕೊಂಡು, ಅಲ್ಲಿಯೇ ಉಂಡು ಹೋಗುತ್ತಿದ್ದರು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಇಂದಿಗೂ ಘಟ್ಟದ ಮೇಲಿನವರು, ಕೆಳಗಿನವರು ಸೇರುತ್ತಾರೆ. 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಜಿಲ್ಲೆ ಕೈಬದಲಾಯಿತು. ಈ ನಡುವೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಟ್ಯಾಗೋರರ ಹೆಸರು ಅಲ್ಲಿನ ಕಡಲತೀರಕ್ಕೆ ಉಳಿದುಕೊಂಡಿತು. ಸ್ವಾತಂತ್ರ್ಯದ ನಂತರದ ದಶಕಗಳು ಅಣೆಕಟ್ಟು, ಕಾಗದದ ಕಾರ್ಖಾನೆ, ಅಣುಸ್ಥಾವರಗಳ ಕಾಲ.

ಆ ಕಾಲದ ಎರಡು ಘಟನೆಗಳು ಇಂದಿನ ಚರ್ಚೆಗೆ ನೇರವಾಗಿ ಸಂಬಂಧಪಟ್ಟಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದ ಅಪ್ಪಿಕೋ ಚಳವಳಿ, ಕಾಡು ನೋಟಕ್ಕಲ್ಲ, ಬದುಕಿಗೆ ಬೇಕಾದದ್ದು ಎಂಬ ಮಾತನ್ನು ಗಟ್ಟಿಯಾಗಿ ಹೇಳಿತು. ಇನ್ನೊಂದು, 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ, ಗದ್ದೆ, ದಡ ಬಿಟ್ಟುಕೊಟ್ಟವು. ದೇಶದ ಅಗತ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ದೋಣಿ ಎಳೆದು ಹಾಕಲು, ಬಲೆ ಒಣಗಿಸಲು ಇದ್ದ ಮರಳಿನ ಪಟ್ಟಿ ಕೈತಪ್ಪಿದರೆ ಮೀನುಗಾರಿಕೆ ಏನಾಗುತ್ತದೆ ಎಂಬುದನ್ನು ಒಂದು ತಲೆಮಾರು ಕಣ್ಣಾರೆ ಕಂಡಿದೆ. ರೆಸಾರ್ಟಿನ ಬೇಲಿಯನ್ನಾಗಲಿ, ಕಡಲತೀರದ ‘ಅಭಿವೃದ್ಧಿ’ಯನ್ನಾಗಲಿ ಇಲ್ಲಿನವರು ಅನುಮಾನದಿಂದ ನೋಡುವುದಕ್ಕೆ ಹಿನ್ನೆಲೆ ಇದು.

1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ಗೋವಾದ ಗದ್ದಲ ಸಾಕೆನಿಸಿದವರಿಗೆ ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳು ಹತ್ತಿರವಾದವು. ಮೊದಲು ತಿಂಗಳುಗಟ್ಟಲೆ ಗುಡಿಸಿಲಿನಲ್ಲಿ ಉಳಿದು ಅನ್ನ ಸಾರು ಉಣ್ಣುತ್ತಿದ್ದ ವಿದೇಶಿಯರು. ಆಮೇಲೆ ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಭಾನುವಾರ ಮರಳುವವರು. ಎರಡನೆಯವರು ಕೊಡುವ ಹಣ ಹೆಚ್ಚು, ಉಳಿಯುವ ಸಮಯ ಕಡಿಮೆ, ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳಿಗೆ ಲೆಕ್ಕವಿಲ್ಲ. ಕರಾವಳಿ ನಿಯಂತ್ರಣದ ನಿಯಮ 1991ರಿಂದಲೇ ಇದ್ದರೂ ಅದರ ಗೆರೆ ಎಲ್ಲಿ ಹಾಯುತ್ತದೆ ಎಂಬ ತಕರಾರು ತೀರಲಿಲ್ಲ. 2019ರ ಅಧಿಸೂಚನೆಯಲ್ಲಿ, ಇರುವ ಮನೆಯ ತಳದ ಅಳತೆ ಹಾಗೂ ಹೊರರೂಪ ಬದಲಿಸದೆ ಸ್ಥಳೀಯರು ಹೋಮ್‌ಸ್ಟೇ ನಡೆಸಬಹುದು ಎಂಬ ಅವಕಾಶ ಬಂತು. ಮೀನುಗಾರ ಕುಟುಂಬಗಳಿಗೆ ಇದಕ್ಕಿಂತ ಉಪಯುಕ್ತವಾದ ಸಾಲು ಪ್ರವಾಸೋದ್ಯಮದ ದೊಡ್ಡ ಘೋಷಣೆಗಳಲ್ಲಿ ಹುಡುಕಿದರೂ ಸಿಗಲಾರದು; ಅದರ ಬಗ್ಗೆ ಪ್ರಚಾರ ನಡೆದದ್ದು ಮಾತ್ರ ಕಡಿಮೆ. ಮರುವರ್ಷ ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ, ಸ್ವಚ್ಛ ಹಾಗೂ ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಾಗ ಎಲ್ಲ ಕಡೆ ಸುದ್ದಿಯಾಯಿತು.

ಘಟ್ಟದ ಮೇಲೆ ಕಥೆ ಬೇರೆಯೇ ರೀತಿಯಲ್ಲಿ ಬೆಳೆಯಿತು, ಮತ್ತು ಇಂದಿನ ಚರ್ಚೆಯ ಬೇರು ಇರುವುದು ಹೆಚ್ಚಾಗಿ ಅಲ್ಲಿಯೇ. 2000ದ ಆಸುಪಾಸಿನಲ್ಲಿ ಅಡಿಕೆಯ ದರ ಕುಸಿಯಿತು. ಕೈಹಿಡಿಯಬಹುದೆಂದು ನಂಬಿ ನೆಟ್ಟ ವೆನಿಲಾ ಒಂದೆರಡು ವರ್ಷ ಬಂಗಾರದ ಬೆಲೆ ಕಂಡು ಹಾಗೆಯೇ ನೆಲಕ್ಕಿಳಿಯಿತು. ಮಕ್ಕಳು ಬೆಂಗಳೂರು ಸೇರಿದ್ದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ದೊಡ್ಡ ಹೆಂಚಿನ ಮನೆಗಳಲ್ಲಿ ಜಗುಲಿಯೂ ಮಾಳಿಗೆಯೂ ಬರಿದಾದವು. ಯಾಣ, ಉಂಚಳ್ಳಿ, ಸಾತೊಡ್ಡಿ ನೋಡಲು ಬಂದವರಿಗೆ ಆ ಖಾಲಿ ಕೋಣೆಗಳನ್ನು ಕೊಟ್ಟು ಊಟ ಹಾಕಬಹುದು ಎಂದು ಕೆಲವು ಕುಟುಂಬಗಳಿಗೆ ಹೊಳೆದದ್ದು ಈ ಹೊತ್ತಿನಲ್ಲಿ. ಬಂಡವಾಳವೆಂದರೆ ಹೊಸದಾಗಿ ಕಟ್ಟಿಸಿದ ಬಚ್ಚಲುಮನೆಯೊಂದೇ. ಉಳಿದದ್ದೆಲ್ಲ ಮೊದಲೇ ಇತ್ತು.

ಆರಂಭದಲ್ಲಿ ಬಂದವರಿಗೆ ಮನೆಯವರು ತಾವು ಉಣ್ಣುವುದನ್ನೇ ಬಡಿಸಿದರು: ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಳೆಗಾಲವಾದರೆ ಕಳಲೆಯ ಪಲ್ಯ, ಹಲಸಿನ ಹಪ್ಪಳ. ಆಲೆಮನೆಯ ಕಾಲಕ್ಕೆ ಬಂದವರಿಗೆ ತೊಡದೇವು ಸಿಗುತ್ತಿತ್ತು. ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಸಲ ಬಳಿದು, ತುಪ್ಪ ಸವರಿ, ಗರಿಯಾಗುವ ಮೊದಲೇ ಮಡಚಿ ತೆಗೆಯಬೇಕು. ಕ್ಷಣ ತಡವಾದರೆ ಮುರಿಯುತ್ತದೆ, ಬೇಗನಾದರೆ ಮುದ್ದೆಯಾಗುತ್ತದೆ. ಅದರ ಹಿಂದೆ ತೋಟದ ಅಂಚಿನ ಕಬ್ಬಿನ ತುಂಡು ಜಮೀನು, ಊರಿನ ಗದ್ದೆಯ ಅಕ್ಕಿ, ಕುಂಬಾರರ ಮಡಕೆ, ಬೆಟ್ಟದಲ್ಲಿ ಮೇಯುವ ಹಸುವಿನ ತುಪ್ಪ ಇವೆಲ್ಲ ಇದ್ದವು. ಇದೇ ತೊಡದೇವು ಪೊಟ್ಟಣದಲ್ಲಿ ಬಂದು, ಅಂಗಡಿಯ ಸಕ್ಕರೆ ಮತ್ತು ಹೊರಗಿನ ಅಕ್ಕಿಯಲ್ಲಿ ತಯಾರಾದರೆ ತಿನ್ನುವವರಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ. ಕುಂಬಾರರಿಗೂ ಕಬ್ಬು ಬೆಳೆಯುವವರಿಗೂ ಗೊತ್ತಾಗುತ್ತದೆ.

ಹೋಮ್‌ಸ್ಟೇಗಳು ಹೆಚ್ಚಿದಂತೆ ಆದದ್ದೂ ಬಹುಮಟ್ಟಿಗೆ ಇದೇ. ಕೋಣೆಗಳು ಆರರಿಂದ ಹದಿನೈದಾದಾಗ ಅಡುಗೆಗೆ ಭಟ್ಟರು ಬಂದರು, ತಂಬುಳಿಯ ಪಕ್ಕದಲ್ಲಿ ಪನೀರು ಕೂತಿತು, ತರಕಾರಿ ಹುಬ್ಬಳ್ಳಿಯಿಂದ ಇಳಿಯತೊಡಗಿತು. ಯಾರನ್ನೂ ದೂರಿ ಪ್ರಯೋಜನವಿಲ್ಲ. ನಲವತ್ತು ಜನರಿಗೆ ಒಂದೇ ಹೊತ್ತಿಗೆ ಒಂದೆಲಗ ಕೊಯ್ದು ತರುವುದು ಯಾವ ಮನೆಯಿಂದಲೂ ಆಗುವ ಕೆಲಸವಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದ ಮೇಲೆ, ತೋಟವನ್ನು ಕೊಂಡು ಅದರ ನಡುವೆ ಕಾಟೇಜು ಕಟ್ಟುವ ಲೆಕ್ಕಾಚಾರ ಸುಲಭವಾಯಿತು. ಅಲ್ಲಿ ಅಡಿಕೆ ಮರ ಉಳಿದಿರುತ್ತದೆ, ನೋಟಕ್ಕೆ. ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟ, ದನದ ಕೊಟ್ಟಿಗೆ, ಗೊಬ್ಬರ, ತೋಟ ಎಂಬ ಸುತ್ತು ನಿಂತಿರುತ್ತದೆ.

ರುಚಿಗೆ ಸಿಕ್ಕ ಪ್ರಚಾರವೂ ಎರಡಲಗಿನ ಕತ್ತಿಯೇ. ಉಪ್ಪಿನಕಾಯಿಗೆ ಹೆಸರಾದ ಎಳೆಯ ಮಾವಿನಕಾಯಿ ಅಪ್ಪೆಮಿಡಿಗೆ, ಊರಿನ ಹೆಸರಿಗೆ ಅಂಟಿದ ಉತ್ಪನ್ನಗಳಿಗೆ ಕೊಡುವ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, 2019ರಲ್ಲಿ ಶಿರಸಿ ಅಡಿಕೆಗೆ, 2023ರಲ್ಲಿ ಅಂಕೋಲೆಯ ಕರಿ ಈಶಾಡ ಮಾವಿಗೆ ಸಿಕ್ಕಿತು. ಆದರೆ ಹೊಳೆಯಂಚಿನಲ್ಲಿ ತಾನಾಗಿಯೇ ಬೆಳೆದ ಹಳೆಯ ಅಪ್ಪೆ ಮರಗಳಿಗೆ ಮಿಡಿಯ ಬೇಡಿಕೆ ಏರಿದ್ದು ಒಳ್ಳೆಯದನ್ನೇ ಮಾಡಿತು ಎನ್ನಲಾಗದು. ಒಂದೊಂದೇ ಮಿಡಿ ಕೊಯ್ಯುವ ತಾಳ್ಮೆಯಿಲ್ಲದೆ ಕೊಂಬೆಗಳನ್ನೇ ಕಡಿದು ಇಳಿಸಿದ ಮರಗಳು ಸೊರಗಿದವು. ಅವುಗಳ ತಳಿ ಇಂದು ಉಳಿದಿದ್ದರೆ ಅದಕ್ಕೆ ಕಾರಣ, ಕಾಡು ಸುತ್ತಿ ಕಡ್ಡಿ ತಂದು ತಮ್ಮ ತೋಟದಲ್ಲಿ ಕಸಿ ಕಟ್ಟಿ ಬೆಳೆಸಿದ ಬೆರಳೆಣಿಕೆಯ ಕೃಷಿಕರು.

ಕುಶಲಕಲೆಗಳ ಪಾಡು ಇದಕ್ಕಿಂತ ಬಹಳ ಭಿನ್ನವಲ್ಲ. ಗುಡಿಗಾರರ ಗಂಧದ ಕೆತ್ತನೆ ಮತ್ತು ಬೆಂಡಿನ ಬಾಸಿಂಗ, ಹಳಿಯಾಳ ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರು ಹಳೆ ಬಟ್ಟೆ ಹೊಲಿದು ಮಾಡುವ ಕೌದಿ ಪ್ರದರ್ಶನಗಳಲ್ಲಿ ಮೆಚ್ಚುಗೆ ಪಡೆಯುತ್ತವೆ. ಅದು ವರ್ಷವಿಡೀ ಕೆಲಸವಾಗಿ ಮಾರ್ಪಡುವುದು ಅಪರೂಪ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು ಕೆರೆದು ಬಿಡಿಸುವ ಕಾವಿ ಚಿತ್ರಗಳು ಕರಾವಳಿಯ ಹಲವು ಗುಡಿಗಳಲ್ಲಿ ಜೀರ್ಣೋದ್ಧಾರದ ಭರದಲ್ಲಿಯೇ ಕಾಣೆಯಾದವು. 1934ರಲ್ಲಿ ಹುಟ್ಟಿದ ಕೆರೆಮನೆ ಮೇಳದ ನಾಡಿನಲ್ಲಿ ಯಕ್ಷಗಾನಕ್ಕೆ ಬರವಿಲ್ಲ, ನಿಜ. ಆದರೆ ಅತಿಥಿಗಳ ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷದ ಕುಣಿತವನ್ನು ಆಟ ಎಂದು ಕರೆಯಲು ಇಲ್ಲಿನವರ ಬಾಯಿ ಏಳುವುದಿಲ್ಲ.

ಈ ಎಲ್ಲ ಎಳೆಗಳು ಒಟ್ಟಾಗಿ ಕಾಣುವುದು ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಮುಖದಲ್ಲಿ ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುವವರು, ಸಾಣಿಕಟ್ಟೆಯ ಉಪ್ಪಿನಾಗರದವರು, ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳ ರೈತರು ಒಂದೇ ನೀರನ್ನು ನಂಬಿದ್ದಾರೆ. ಗಜನಿಯಲ್ಲಿ ಬೆಳೆಯುವುದು ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ. ಮಳೆ ಹಿಡಿದು ನೆಲದ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ, ಗೊಬ್ಬರವಿಲ್ಲ, ಔಷಧವಿಲ್ಲ. ತೆನೆಯನ್ನಷ್ಟೇ ಕೊಯ್ದು, ತೂಬು ತೆರೆದು ಉಬ್ಬರದ ನೀರನ್ನು ಒಳಬಿಟ್ಟರೆ ಉಳಿದ ಕೂಳೆಯ ನಡುವೆ ಮೀನು, ಸಿಗಡಿ ಬೆಳೆಯುತ್ತವೆ. ಏಡಿ ಕೊರೆದ ಮಣ್ಣಿನ ಒಡ್ಡನ್ನು ಪ್ರತಿವರ್ಷ ಎಲ್ಲರೂ ಕೂಡಿ ಸರಿಪಡಿಸದಿದ್ದರೆ ಈ ವ್ಯವಸ್ಥೆ ನಿಲ್ಲದು. ಸಿಗಡಿಯ ಹಣ ಹೆಚ್ಚಾದ ಕಾಲದಲ್ಲಿ ಭತ್ತ ಹಿಂದೆ ಸರಿಯಿತು. ಕರಾವಳಿಯ ಸಿಗಡಿ ಕೆರೆಗಳ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ತೀರ್ಪು ಕೊಟ್ಟರೂ ಬಿಟ್ಟುಹೋದ ಬೇಸಾಯ ತಾನಾಗಿ ಮರಳಲಿಲ್ಲ. ಮಾಣಿಕಟ್ಟೆಯಂಥ ಕಡೆ ಕಗ್ಗ ಇನ್ನೂ ಉಸಿರಾಡುತ್ತಿದೆ.

2024ರ ಆರಂಭದಲ್ಲಿ ಈ ಅಳಿವೆ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿತು. ಅದೇ ವರ್ಷದ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು, ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಎಷ್ಟು ಜನರನ್ನು ಕರೆತರಬಹುದು ಎಂಬುದಕ್ಕಿಂತ ಈ ನೆಲ ಎಷ್ಟನ್ನು ತಾಳೀತು ಎಂಬ ಪ್ರಶ್ನೆ ಮುಂದೆ ಬಂದದ್ದು ಆಮೇಲೆ. ಪುನಶ್ಚೇತನದ ಮಾತು ಇಲ್ಲಿ ಕಿವಿಗೆ ಬಿದ್ದ ಹೊತ್ತು ಇದು.

ಹಾಗಿದ್ದರೂ ಆ ಮಾತು ಇನ್ನೂ ಕೋಣೆಗಳ ಸುತ್ತಲೇ ತಿರುಗುತ್ತಿದೆ: ಸೌರಫಲಕ ಇದೆಯೇ, ಪ್ಲಾಸ್ಟಿಕ್ ನಿಲ್ಲಿಸಿದ್ದಾರೆಯೇ, ಗೋಡೆ ಮಣ್ಣಿನದೇ. ಇವು ಬೇಕಾದವೇ. ಆದರೆ ಗಜನಿಯ ಒಡ್ಡು ಕಟ್ಟಲು ಆಳು ಬೇಕಾಗುವುದು ಪ್ರವಾಸಿಗರು ಕಾಣದ ಮಳೆಗಾಲದ ಮುನ್ನ ಮತ್ತು ಮಳೆಗಾಲದಲ್ಲಿ; ಹಣ ಬರುವುದು ಡಿಸೆಂಬರಿನಲ್ಲಿ. ಕುಮಟಾ, ಗೋಕರ್ಣದ ಹೋಟೆಲು ಹೋಮ್‌ಸ್ಟೇಗಳು ತಮಗೆ ಬೇಕಾದ ಅಕ್ಕಿಯಲ್ಲಿ ಒಂದು ಪಾಲನ್ನು ಕಗ್ಗದಲ್ಲಿ ಕೊಳ್ಳುವುದಾಗಿ ಬಿತ್ತನೆಗೆ ಮೊದಲೇ ದರ ನಿಗದಿ ಮಾಡಿ, ಮುಂಗಡದ ಒಂದಂಶವನ್ನು ಒಡ್ಡಿನ ದುರಸ್ತಿಗೆ ಕೊಟ್ಟರೆ ಈ ಅಂತರ ತುಂಬುತ್ತದೆ. 1923ರಿಂದ ಅಡಿಕೆಯನ್ನು ಸಹಕಾರಿ ಪದ್ಧತಿಯಲ್ಲಿ ಮಾರಿ, ಬೆಳೆಗಾರನಿಗೆ ಕೊಯ್ಲಿಗೆ ಮುಂಚೆ ಮುಂಗಡ ಕೊಟ್ಟು ಅಭ್ಯಾಸವಿರುವ ಶಿರಸಿ ಸೀಮೆಗೆ ಈ ಲೆಕ್ಕವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಅದು ಘಟ್ಟವಿಳಿದು ಕುಮಟೆಯ ತನಕ ಬರಬೇಕಾಗಿದೆ ಅಷ್ಟೆ.